ಮಲೆನಾಡಿನ ಬಸುರಿಯರಿಗೆ ಒಂದು ರಕ್ತಪರೀಕ್ಷೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ನಿರ್ದೇಶಕರು, ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ

ಮಾನ್ಯರೇ,

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗರ್ಭಿಣಿಯರ ರಕ್ತದೊತ್ತಡದ ಕಾಯಿಲೆ ವಿಕೋಪಕ್ಕೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ತಿಳಿಸುವ ರಕ್ತಪರೀಕ್ಷೆಯೊಂದಿದೆ. ಅದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ದಿನನಿತ್ಯದ ಉಚಿತ ಸೇವೆಯಾಗಿ ಸಿಗಬೇಕು. ಅದಕ್ಕಾಗಿ ಬಸುರಿ ಶಿವಮೊಗ್ಗದವರೆಗೆ ಬರುವ ಅಗತ್ಯವಿಲ್ಲದಂತೆ, ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬ, ಶಿಕಾರಿಪುರದ ಆಸ್ಪತ್ರೆಗಳಲ್ಲೇ ರಕ್ತ ತೆಗೆದು ಕಳಿಸುವ ಏರ್ಪಾಡಾಗಬೇಕು.

ನಾನು ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಲಸಿಕೆ ಹಾಕುವುದು, ತಾಯಿ ಕಾರ್ಡ್ ಬರೆಯುವುದು, ಹೆರಿಗೆ ಮಾಡಿಸುವುದು, ಮಳೆಗಾಲದಲ್ಲಿ ಹಳ್ಳ ದಾಟಿ ಬಾಣಂತಿಯ ಮನೆಗೆ ಹೋಗುವುದು ನನ್ನ ಕೆಲಸವಾಗಿತ್ತು. ನಾನು ವೈದ್ಯೆಯಲ್ಲ. ಆದರೆ ಬಸುರಿಯ ತೋಳಿಗೆ ಪಟ್ಟಿ ಸುತ್ತಿ, ಪಾದರಸ ಇಳಿಯುತ್ತಾ ಬರುವಾಗ ಮೊದಲ ಬಡಿತ ಎಲ್ಲಿ ಕೇಳುತ್ತದೆ, ಕೊನೆಯ ಬಡಿತ ಎಲ್ಲಿ ಅಡಗುತ್ತದೆ ಎಂದು ಕಿವಿಗೊಟ್ಟು ಕೂತೇ ನನ್ನ ಆಯುಷ್ಯದ ಬಹುಪಾಲು ಕಳೆದಿದೆ. ಆ ಎರಡು ಅಂಕಿಗಳು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಹೇಳದೆ ಬಿಡುತ್ತವೆ ಎಂಬುದನ್ನು ಬಲ್ಲೆ. ಈ ಪತ್ರ ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

ಗರ್ಭ ನಿಂತು 20 ವಾರ ಕಳೆದ ಮೇಲೆ, ಅದುವರೆಗೆ ಸರಿಯಾಗಿಯೇ ಇದ್ದ ರಕ್ತದೊತ್ತಡ 140/90ಕ್ಕೆ ಏರಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ, ಅಥವಾ ಯಕೃತ್ತು, ಮೂತ್ರಪಿಂಡ, ಮಿದುಳಿಗೆ ಪೆಟ್ಟು ಬಿದ್ದ ಲಕ್ಷಣ ಕಂಡರೆ ವೈದ್ಯರು ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಗರ್ಭನಂಜು. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಜಗತ್ತಿನಲ್ಲಿ ನೂರು ಬಸುರಿಯರಲ್ಲಿ ಮೂವರಿಂದ ಎಂಟು ಮಂದಿಗೆ ಇದು ಬರುತ್ತದೆ. ವರ್ಷಕ್ಕೆ ಸುಮಾರು 46,000 ತಾಯಂದಿರು, ಸುಮಾರು ಐದು ಲಕ್ಷ ಶಿಶುಗಳು ಇದರಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ದೇಶದಲ್ಲಿ ಹೆರಿಗೆಯ ಆಸುಪಾಸಿನ ಸಾವುಗಳ ದೊಡ್ಡ ಕಾರಣಗಳಲ್ಲಿ ಇದೂ ಒಂದು. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದರು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಬಾಣಂತಿಯರ ಸಾವುಗಳು ಸಾಲಾಗಿ ಸಂಭವಿಸಿದಾಗ ಇಡೀ ರಾಜ್ಯ ತಿರುಗಿ ನೋಡಿತು. ಗರ್ಭನಂಜಿನ ಸಾವುಗಳು ಹಾಗೆ ಒಂದೇ ಕಡೆ, ಒಂದೇ ವಾರದಲ್ಲಿ ಬರುವುದಿಲ್ಲ. ಒಂದು ಊರಿನಲ್ಲಿ ಒಂದು, ಆರು ತಿಂಗಳ ಮೇಲೆ ಇನ್ನೊಂದು ಊರಿನಲ್ಲಿ ಇನ್ನೊಂದು. ಸುದ್ದಿಯಾಗದೆ ಉಳಿಯುವುದಕ್ಕೆ ಅದೂ ಒಂದು ಕಾರಣ.

ಒಂದು ಆಷಾಢದಲ್ಲಿ ಕಂಡದ್ದನ್ನು ಹೇಳುತ್ತೇನೆ. ತವರಿಗೆ ಬಂದಿದ್ದ ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು ಅವಳ ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಬೆರಳಿನ ಉಂಗುರ ಬಿಗಿಯಾಯಿತೆಂದು ತೆಗೆದಿಟ್ಟಿದ್ದಳು. ಬಸುರಿಗೆ ಕೈಕಾಲು ಊದುವುದು ಇದ್ದದ್ದೇ ಎಂದು ಮನೆಯವರು ಹೇಳಿದರು, ಬಹುಪಾಲು ಸಲ ಅದು ನಿಜವೂ ಹೌದು. ಪಟ್ಟಿ ಕಟ್ಟಿ ನೋಡಿದೆ, 136/88. ಸ್ವಲ್ಪ ಹೊತ್ತು ಎಡಮಗ್ಗುಲಾಗಿ ಮಲಗಿಸಿ ಮತ್ತೆ ನೋಡಿದೆ, 134/86. ಮೂತ್ರಕ್ಕೆ ಅದ್ದಿದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಡಬ್ಬಿಯ ಮೇಲಿನ ಬಣ್ಣದ ಚೌಕಗಳೊಂದಿಗೆ ಹೋಲಿಸಿದೆ. ಹಳದಿ ಬಿಟ್ಟಿತ್ತು, ಹಸಿರಿಗೆ ಪೂರ್ತಿ ತಿರುಗಿರಲಿಲ್ಲ. ಪ್ರೋಟೀನಿನ ಸುಳಿವಷ್ಟೇ ಇದೆ ಎನ್ನುವ ‘ಟ್ರೇಸ್’ ಎಂದು ಬರೆಯುವುದೋ ಒಂದು ಪ್ಲಸ್ ಎಂದು ಬರೆಯುವುದೋ, ಆ ಮಬ್ಬು ಬೆಳಕಿನಲ್ಲಿ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ನೋಡಿ, 140/90 ಮುಟ್ಟಿಲ್ಲ, ವಿಶ್ರಾಂತಿ ತೆಗೆದುಕೊಳ್ಳಲಿ, ಮುಂದಿನ ವಾರ ಬರಲಿ ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವಾರ ಮುಗಿಯುವ ಮೊದಲೇ ಒಂದು ರಾತ್ರಿ ಅವಳಿಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು, ಬೆಳಗಿನ ಜಾವಕ್ಕೆ ಫಿಟ್ಸ್ ಬಂತು. ದಾರಿಯಲ್ಲಿ ಮರ ಬಿದ್ದು ವಾಹನ ತಡವಾಯಿತು. ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದಿನಿಂದ ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಇದರ ತದ್ವಿರುದ್ಧದ್ದನ್ನೂ ಕಂಡಿದ್ದೇನೆ. ಇನ್ನೊಬ್ಬಳಿಗೆ 142/90 ಬಂತೆಂದು ಶಿವಮೊಗ್ಗಕ್ಕೆ ಕಳಿಸಿದೆವು. ಅಡಿಕೆ ಕೊಯ್ಲಿನ ಕಾಲ. ಗಂಡ ಕೂಲಿ ಬಿಟ್ಟು ಅವಳ ಜೊತೆ ಕೂತ, ಅತ್ತೆ ಮೊದಲ ಮಗುವನ್ನು ಕಟ್ಟಿಕೊಂಡು ಊರಲ್ಲಿ ಉಳಿದರು. ವಾರಗಟ್ಟಲೆ ವಾರ್ಡಿನಲ್ಲಿ ಮಲಗಿದರೂ ಅವಳಿಗೆ ಏನೂ ಆಗಲಿಲ್ಲ, ದಿನ ತುಂಬಿ ಹೆರಿಗೆಯಾಯಿತು. ಸಂತೋಷವೇ. ಆದರೆ ಮುಂದಿನ ಬಸುರಿನಲ್ಲಿ ಮತ್ತೆ ಒತ್ತಡ ಏರಿದಾಗ, ಹೊರಡಿ ಎಂದರೆ ಆ ಮನೆಯವರು ಹೊರಡಲಿಲ್ಲ. ಹೋದ ಸಲವೂ ಹೀಗೆಯೇ ಹೆದರಿಸಿದಿರಿ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಥ ಉತ್ತರ ಕೊಡಬಲ್ಲ ಪರೀಕ್ಷೆಯೊಂದು ಆಗ ನಮ್ಮ ಕೈಯಲ್ಲಿರಲಿಲ್ಲ. ನಾನು ಕೆಲಸ ಮಾಡಿದ ಅಷ್ಟೂ ಕಾಲ ನಮ್ಮ ಯಾವ ಬಸುರಿಗೂ ಅದು ಆದದ್ದನ್ನು ನಾನು ಕಾಣಲಿಲ್ಲ.

ಈಗ ಆ ಪರೀಕ್ಷೆಯ ವಿಷಯ. ಗರ್ಭನಂಜಿನ ಬೇರು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ ಇದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ಗೋಡೆಗೆ ಇಳಿದು, ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲವಾಗಿಸಿ ಮಗುವಿಗೆ ಬೇಕಾದಷ್ಟು ರಕ್ತ ಹರಿಯುವಂತೆ ಮಾಡಿಕೊಳ್ಳುತ್ತದೆ. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾಳಗಳು ಇಕ್ಕಟ್ಟಾಗಿಯೇ ಉಳಿಯುತ್ತವೆ, ರಕ್ತ ಸಾಲದ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ವಿಪರೀತವಾಗಿ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಇನ್ನೊಂದು ಪ್ರೋಟೀನ್ ಇದೆ, ಪ್ಲಾಸೆಂಟಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಪಿಎಲ್‌ಜಿಎಫ್. ಎಸ್‌ಫ್ಲಿಟ್-1 ಅದನ್ನು ಹಿಡಿದುಕೊಂಡು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆಗ ನಾಳಗಳು ಬಿಗಿಯುತ್ತವೆ, ಮೂತ್ರಪಿಂಡದ ಜರಡಿ ಸೋರುತ್ತದೆ, ಯಕೃತ್ತಿಗೂ ಮಿದುಳಿಗೂ ಏಟು ಬೀಳುತ್ತದೆ. ನಾವು ಹಳ್ಳಿಯಲ್ಲಿ ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದು ಈ ಸರಪಳಿಯ ಕೊನೆಯ ಕೊಂಡಿಯನ್ನು. ಅಷ್ಟು ಹೊತ್ತಿಗೆ ಒಳಗೆ ಬಹಳಷ್ಟು ನಡೆದುಹೋಗಿರುತ್ತದೆ.

ಎಸ್‌ಫ್ಲಿಟ್-1ರ ಪಾತ್ರವನ್ನು 2003ರಲ್ಲಿ ತೋರಿಸಿದ ತಂಡವನ್ನು ನಡೆಸಿದವರು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಬಾಸ್ಟನ್ನಿಗೆ ಹೋದ ಮೂತ್ರಪಿಂಡ ತಜ್ಞ ಅನಂತ ಕರುಮಂಚಿ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಕಾಯಿಲೆಯ ಲಕ್ಷಣಗಳು ಹೊರಗೆ ಕಾಣುವ ಸುಮಾರು ಐದು ವಾರ ಮೊದಲೇ ಎಸ್‌ಫ್ಲಿಟ್-1 ಏರತೊಡಗುತ್ತದೆ ಎಂದು ತೋರಿಸಿತು. ಐದು ವಾರ! ನಮ್ಮ ಕಡೆ ಬಸುರಿಯೊಬ್ಬಳನ್ನು ಸುರಕ್ಷಿತ ಜಾಗಕ್ಕೆ ಸೇರಿಸಲು ಐದು ದಿನ ಮುಂಚಿತವಾಗಿ ಗೊತ್ತಾದರೂ ಎಷ್ಟೋ ಆಯಿತು.

2016ರಲ್ಲಿ, ಹಲವು ದೇಶಗಳ ಬಸುರಿಯರನ್ನು ಒಳಗೊಂಡ ಅಧ್ಯಯನವೊಂದು ಈ ಎರಡು ಪ್ರೋಟೀನುಗಳನ್ನು ರಕ್ತದಲ್ಲಿ ಅಳೆದು ಅವುಗಳ ಅನುಪಾತವನ್ನು, ಅಂದರೆ ಎರಡನೆಯದಕ್ಕಿಂತ ಎಸ್‌ಫ್ಲಿಟ್-1 ಎಷ್ಟು ಪಟ್ಟು ಇದೆ ಎಂಬುದನ್ನು ನೋಡಿತು. ಗರ್ಭನಂಜಿನ ಸಂಶಯವಿರುವ ಬಸುರಿಯಲ್ಲಿ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಮುಂದಿನ ಒಂದು ವಾರದಲ್ಲಿ ಅವಳಿಗೆ ಕಾಯಿಲೆ ಬರುವುದಿಲ್ಲ ಎಂದು ಶೇ 99.3ರಷ್ಟು ಖಚಿತವಾಗಿ ಹೇಳಬಹುದು ಎಂಬುದು ಅದರ ಫಲಿತಾಂಶ. ಬ್ರಿಟನ್ನಿನ ಹನ್ನೊಂದು ಹೆರಿಗೆ ಘಟಕಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಿಎಲ್‌ಜಿಎಫ್ ಫಲಿತಾಂಶವನ್ನು ವೈದ್ಯರಿಗೆ ತಿಳಿಸಿದಾಗ ಕಾಯಿಲೆ ಪತ್ತೆಯಾಗುವ ಅವಧಿ 4.1 ದಿನದಿಂದ 1.9 ದಿನಕ್ಕೆ ಇಳಿಯಿತು, ತಾಯಂದಿರ ಗಂಭೀರ ತೊಂದರೆಗಳೂ ಕಡಿಮೆಯಾದವು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಸಲಹೆ ನೀಡುವ ನೈಸ್ ಸಂಸ್ಥೆ 20ನೇ ವಾರದಿಂದ 37 ವಾರ ತುಂಬುವವರೆಗೆ ಸಂಶಯದ ಪ್ರಕರಣಗಳಲ್ಲಿ ಇದನ್ನು ಬಳಸಲು 2022ರಲ್ಲಿ ಶಿಫಾರಸು ಮಾಡಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಮೇ ತಿಂಗಳಲ್ಲಿ, ಒತ್ತಡದ ಕಾರಣಕ್ಕೆ ಆಸ್ಪತ್ರೆಗೆ ದಾಖಲಾದ ಬಸುರಿಯರಿಗಾಗಿ ಇಂಥ ಪರೀಕ್ಷೆಗೆ ಅನುಮತಿ ಕೊಟ್ಟಿತು.

ಈ ಪರೀಕ್ಷೆ ಎಲ್ಲವನ್ನೂ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಐರ್ಲೆಂಡಿನ ಏಳು ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ ತಾಯಂದಿರ ತೊಂದರೆ ಕಡಿಮೆಯಾದದ್ದು ಕಾಣಲಿಲ್ಲ. ಅನುಪಾತ 38ಕ್ಕಿಂತ ಹೆಚ್ಚಿದ್ದವರೆಲ್ಲರಿಗೂ ನಂಜೇರುವುದಿಲ್ಲ. ಅದೇ 2016ರ ಅಧ್ಯಯನದಲ್ಲಿ ಅಂಥವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಕಾಣಿಸಿಕೊಂಡದ್ದು ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ. ಪರೀಕ್ಷೆಯ ನಿಜವಾದ ಬಲ ಇರುವುದು ‘ಈ ವಾರ ಭಯವಿಲ್ಲ’ ಎಂದು ಹೇಳುವುದರಲ್ಲಿ. ಆಸ್ಪತ್ರೆಯ ಎದುರು ಮನೆಯಿರುವವರಿಗೆ ಆ ಮಾತು ಅಷ್ಟೇನೂ ದೊಡ್ಡದಲ್ಲದಿರಬಹುದು. ಸಂಶಯ ಬಂದರೆ ನಾಳೆ ಮತ್ತೆ ಹೋಗಿ ತೋರಿಸಬಹುದು. ಆಗುಂಬೆಯ ಸುತ್ತಲಿನ ಹಳ್ಳಿಗಳಲ್ಲಿ, ಮಾಸ್ತಿಕಟ್ಟೆಯ ಆಚೆ, ಶರಾವತಿ ಹಿನ್ನೀರಿನ ಅಂಚಿನ ಒಂಟಿ ಮನೆಗಳಲ್ಲಿ ಆ ಮಾತಿನ ಬೆಲೆಯೇ ಬೇರೆ. ಅಲ್ಲಿನ ಪ್ರಶ್ನೆ ಯಾವಾಗಲೂ ಒಂದೇ: ಇವತ್ತೇ ಹೊರಡಿಸುವುದೋ, ಮನೆಯಲ್ಲೇ ಇಟ್ಟು ನೋಡುವುದೋ? ನನ್ನ ಇಡೀ ಸೇವಾವಧಿಯಲ್ಲಿ ಇದಕ್ಕಿಂತ ಹೆಚ್ಚು ನಿದ್ದೆ ಕೆಡಿಸಿದ ಪ್ರಶ್ನೆ ಇನ್ನೊಂದಿಲ್ಲ. 2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದ ಮೇಲೆ ಆಚೆ ದಡದ ತುಮರಿಯ ಬಸುರಿಗೆ, ಕತ್ತಲಾದ ಮೇಲೆ ಲಾಂಚ್ ಇಲ್ಲವಲ್ಲ ಎಂಬ ಆತಂಕ ತಪ್ಪಿದೆ. ಅಷ್ಟು ದೊಡ್ಡ ಸೇತುವೆಯೇ ಆದ ಮೇಲೆ, ಸರ್ಕಾರಕ್ಕೆ ಅದರ ಮೇಲೆ ಯಾವ ಬಸುರಿಯನ್ನು ಇವತ್ತೇ ದಾಟಿಸಬೇಕು ಎಂದು ತಿಳಿಸುವ ಪರೀಕ್ಷೆ ಕೊಡುವುದು ಭಾರವಾಗಲಾರದು.

ಮುಂಚೆ ಗೊತ್ತಾದರೆ ಏನು ಮಾಡುತ್ತೀರಿ, ಮದ್ದಿದೆಯೇ ಎಂದು ಕೇಳುವವರಿದ್ದಾರೆ. ಕಾಯಿಲೆಯನ್ನು ಪೂರ್ತಿ ನಿಲ್ಲಿಸುವ ಮದ್ದು ಹೆರಿಗೆಯೊಂದೇ, ಅದು ಸತ್ಯ. ಆದರೆ ಮುಂಚೆ ಗೊತ್ತಾದರೆ ಮಾಡಬಹುದಾದದ್ದು ಬೇಕಾದಷ್ಟಿದೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಮೂರೂ ಬಾಯಿಯಿಂದ ಕೊಡುವ ಮಾತ್ರೆಗಳು, ಮೂರೂ ತೀವ್ರ ಒತ್ತಡವನ್ನು ಇಳಿಸಬಲ್ಲವು ಎಂದು ನಾಗಪುರದ ಎರಡು ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ 2019ರಲ್ಲಿ ತೋರಿಸಿದೆ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಲು ಸಮಯ ಸಿಗುತ್ತದೆ. ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಎಂಥ ಜೀವರಕ್ಷಕ ಎಂಬುದು 2002ರಲ್ಲೇ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದ ಪ್ರಯೋಗದಲ್ಲಿ ಸಾಬೀತಾಗಿದೆ. ಅದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಇವೆಲ್ಲಕ್ಕಿಂತ ಮೊದಲು, ನವಜಾತ ಶಿಶು ಘಟಕವಿರುವ ಕಡೆಗೆ ಅವಳನ್ನು ಹಗಲು ಹೊತ್ತಿನಲ್ಲಿ, ಮನೆಯವರು ದುಡ್ಡು ಬಟ್ಟೆ ಜೋಡಿಸಿಕೊಂಡು, ಗಾಬರಿಯಿಲ್ಲದೆ ಕರೆತರಬಹುದು. ನಡುರಾತ್ರಿ ಫಿಟ್ಸ್ ಬಂದವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿಕೊಂಡು ಘಟ್ಟದ ತಿರುವುಗಳಲ್ಲಿ ಬಂದವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ರಕ್ತ ಕಳಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆ ಎಂದೋ ಬಿಡಿಸಿಕೊಂಡಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಜನರೂ ಸಾಯತೊಡಗಿದಾಗ ಜಗತ್ತಿಗೆ ಪರಿಚಯವಾದ ಮಂಗನ ಕಾಯಿಲೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳ ದೀಪ ಆರಿಸಿತು ಎಂಬುದು ತಮ್ಮ ಇಲಾಖೆಯ ಕಡತಗಳಲ್ಲೇ ಇದೆ. ಆ ಕಾಯಿಲೆಗಾಗಿ ನಾವು ಕಲಿತ ಪದ್ಧತಿ ಇದೆ: ಜ್ವರ ಬಂದವರ ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತೆಗೆಯುವುದು, ಹೆಸರು ಊರು ಬರೆದ ಚೀಟಿ ಅಂಟಿಸುವುದು, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ತಲುಪಿಸುವುದು, ಫಲಿತಾಂಶ ಬಂದ ಕೂಡಲೇ ಫೋನಿನಲ್ಲಿ ತಿಳಿಸುವುದು. ದಾರಿ, ಪೆಟ್ಟಿಗೆ, ರಕ್ತ ತೆಗೆಯುವ ಕೈ, ಎಲ್ಲವೂ ಇವೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಜೂನ್ ಬಂದರೆ ಆ ಓಡಾಟ ಇಳಿಮುಖವಾಗುತ್ತದೆ, ದಾರಿಗಳು ಕೆಡುತ್ತವೆ, ಬಸುರಿಯರ ಕಷ್ಟ ಶುರುವಾಗುತ್ತದೆ. ಅದೇ ವ್ಯವಸ್ಥೆಯನ್ನು ವರ್ಷವಿಡೀ ಇಟ್ಟುಕೊಂಡು ಬಸುರಿಯರ ರಕ್ತವನ್ನೂ ಅದರಲ್ಲೇ ಕಳಿಸಿದರೆ ಸಾಕು. ರಕ್ತದ ತಿಳಿಭಾಗವಾದ ಸೀರಂ ಬೇರ್ಪಡಿಸಲು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೆಂಟ್ರಿಫ್ಯೂಜ್ ಯಂತ್ರ ಇರುತ್ತದೆ. ದೊಡ್ಡ ಪ್ರಯೋಗಾಲಯಗಳಲ್ಲಿ ಥೈರಾಯ್ಡ್ ಹಾರ್ಮೋನು ಅಳೆಯುವ ಯಂತ್ರಗಳಲ್ಲಿ ಕೆಲವು ಈ ಎರಡು ಪ್ರೋಟೀನುಗಳನ್ನೂ ಅಳೆಯುತ್ತವೆ, ಅರ್ಧ ಗಂಟೆಯೊಳಗೆ. ಪಿಎಲ್‌ಜಿಎಫ್ ಒಂದನ್ನೇ ಹದಿನೈದು ನಿಮಿಷದಲ್ಲಿ ತೋರಿಸುವ ಮೇಜಿನ ಮೇಲಿಡುವ ಚಿಕ್ಕ ಯಂತ್ರವೂ ಇದೆ. ತೀರ್ಥಹಳ್ಳಿ, ಸಾಗರದಂಥ ಆಸ್ಪತ್ರೆಗಳಿಗೆ ಅದೇ ಹೆಚ್ಚು ಹೊಂದಬಹುದು, ತಜ್ಞರು ನೋಡಲಿ.

ಖರ್ಚಿನ ಮಾತು ಬಂದೇ ಬರುತ್ತದೆ. ಎಲ್ಲ ಬಸುರಿಯರಿಗೂ ಮಾಡಿ ಎಂದು ನಾನು ಕೇಳುತ್ತಿಲ್ಲ. 20ರಿಂದ 37 ವಾರದೊಳಗೆ ಒತ್ತಡ ಗಡಿಯ ಹತ್ತಿರ ಬಂದವರು, ಮೂತ್ರದ ಪಟ್ಟಿ ಸಂಶಯ ಹುಟ್ಟಿಸಿದವರು, ತಲೆನೋವು, ಕಣ್ಣು ಮಂಜು, ಮೇಲುಹೊಟ್ಟೆ ನೋವು ಎಂದು ಬಂದವರು, ಮಗುವಿನ ಬೆಳವಣಿಗೆ ಕುಂಠಿತವಾದವರು, ಇಷ್ಟೇ ಮಂದಿಗೆ ಸಾಕು. ಒಂದು ತಾಲ್ಲೂಕಿನಲ್ಲಿ ಅಂಥವರು ತಿಂಗಳಿಗೆ ಬೆರಳೆಣಿಕೆಯಷ್ಟೇ. ಅನಗತ್ಯವಾಗಿ ದಾಖಲಾಗುವುದು ತಪ್ಪಿದರೆ ಸರ್ಕಾರಕ್ಕೆ ಹಾಸಿಗೆ ಉಳಿಯುತ್ತದೆ, ಕುಟುಂಬಕ್ಕೆ ಕೂಲಿ ಉಳಿಯುತ್ತದೆ. ಬೆಂಗಳೂರಿನ ಖಾಸಗಿ ಪ್ರಯೋಗಾಲಯಗಳಲ್ಲಿ ಹಣ ಕೊಟ್ಟವರಿಗೆ ಈ ಪರೀಕ್ಷೆ ಆಗಲೇ ಸಿಗುತ್ತಿದೆ. ಹಣವಿರುವ ಬಸುರಿಗೆ ಒಂದು ವಿಜ್ಞಾನ, ತೋಟದ ಕೂಲಿಯವನ ಹೆಂಡತಿಗೆ ಇನ್ನೊಂದು ಎಂಬುದನ್ನು ನಾನು ಒಪ್ಪಲಾರೆ. ತಾವೂ ಒಪ್ಪುವುದಿಲ್ಲವೆಂದು ನಂಬಿದ್ದೇನೆ.

ಈ ಪರೀಕ್ಷೆ ಬಂದರೂ ಬುಡ ಗಟ್ಟಿಯಿಲ್ಲದಿದ್ದರೆ ವ್ಯರ್ಥ. ತಿಂಗಳು ತಿಂಗಳೂ 110/70 ಎಂದೇ ಬರೆದ ತಾಯಿ ಕಾರ್ಡುಗಳನ್ನು ನಾನು ನೋಡಿದ್ದೇನೆ. ಯಾವ ಬಸುರಿಯ ಒತ್ತಡವೂ ಏಳು ತಿಂಗಳು ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಯಂತ್ರ ಕೆಟ್ಟಿತ್ತು, ಬ್ಯಾಟರಿ ಇರಲಿಲ್ಲ, ಬೆಳಗಿನಿಂದ ಸಾಲು ಕರಗಿರಲಿಲ್ಲ, ಕಾಲಂ ಖಾಲಿ ಬಿಟ್ಟರೆ ಮೇಲಿನವರು ಬೈಯುತ್ತಾರೆ. ಹೀಗೆ ಆ ಅಂಕಿ ಹುಟ್ಟುತ್ತದೆ. ಪ್ರತಿ ತಿಂಗಳ 9ನೇ ತಾರೀಕಿನ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಒಬ್ಬ ವೈದ್ಯೆಯ ಮುಂದೆ ನಿಲ್ಲುವ ಬಸುರಿಯರ ಸಾಲನ್ನು ತಾವೇ ಒಮ್ಮೆ ಬಂದು ನೋಡಿ. ಕೂತು ಐದು ನಿಮಿಷವಾದರೂ ವಿಶ್ರಾಂತಿ ಪಡೆಯದೆ ಅಳೆದ ಒತ್ತಡಕ್ಕೆ ಅರ್ಥವಿಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಹೆಚ್ಚು ತೋರಿಸುತ್ತದೆ. ಹಸಿರು, ಹಳದಿ, ಕೆಂಪು ದೀಪದಲ್ಲಿ ಅಪಾಯ ತೋರಿಸುವ, ಬಸುರಿಯರಿಗೆಂದೇ ಪರೀಕ್ಷಿಸಿ ಒಪ್ಪಿದ ಒತ್ತಡಮಾಪಕವೊಂದಿದೆ. ಅದನ್ನು ಹಲವು ದೇಶಗಳಲ್ಲಿ ಪ್ರಯೋಗಿಸಿ ನೋಡಿದಾಗ ನಮ್ಮ ದೇಶದ ಪ್ರಯೋಗ ನಡೆದದ್ದು ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ. ಕಡಿಮೆ ಪ್ರಮಾಣದ ಆಸ್ಪಿರಿನ್‌ನಿಂದ ಅವಧಿಪೂರ್ವ ಹೆರಿಗೆ ತಗ್ಗುತ್ತದೆ ಎಂದು 2020ರಲ್ಲಿ ತೋರಿಸಿದ, ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರ ಅಧ್ಯಯನದಲ್ಲೂ ಬೆಳಗಾವಿಯ ಹೆಣ್ಣುಮಕ್ಕಳಿದ್ದರು. ನಮ್ಮ ರಾಜ್ಯದ ಬಸುರಿಯರು ಜಗತ್ತಿಗೆ ಈ ತಿಳಿವಳಿಕೆ ಕೊಟ್ಟಿದ್ದಾರೆ. ಅದರ ಫಲ ನಮ್ಮ ರಾಜ್ಯದ ಉಪಕೇಂದ್ರಗಳಿಗೆ ಬರುವುದು ನ್ಯಾಯ.

ಆಸ್ಪಿರಿನ್ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 11ರಿಂದ 14 ವಾರದೊಳಗೆ ತಾಯಿಯ ಹಿನ್ನೆಲೆ, ರಕ್ತದೊತ್ತಡ, ಗರ್ಭಕೋಶದ ರಕ್ತನಾಳದ ಸ್ಕ್ಯಾನ್, ಪಿಎಲ್‌ಜಿಎಫ್ ಮುಂತಾದವನ್ನು ಸೇರಿಸಿ ನೋಡಿ, ಅಪಾಯ ಹೆಚ್ಚಿದ್ದವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. 37 ವಾರಕ್ಕೆ ಮುಂಚೆ ಬರುವ ಗರ್ಭನಂಜು ಶೇ 4.3ರಿಂದ 1.6ಕ್ಕೆ ಇಳಿಯಿತು. ಅಂದರೆ ಇದೇ ರಕ್ತಪರೀಕ್ಷೆ ಮೂರನೇ ತಿಂಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಅದು ಮುಂದಿನ ಹೆಜ್ಜೆಯಾಗಲಿ. ಹಿಂದಿನ ಹೆರಿಗೆಯಲ್ಲಿ ನಂಜೇರಿದ್ದವರು, ಅವಳಿ ಮಕ್ಕಳ ಬಸುರಿಯರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು, ಇವರನ್ನು ಗುರುತಿಸಲು ಮಾತ್ರ ಯಾವ ಯಂತ್ರವೂ ಬೇಡ. ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಂಡು ವೈದ್ಯರ ಬಳಿ ಕಳಿಸಿದರೆ, ಹದಿನಾರು ವಾರದೊಳಗೆ ಆಸ್ಪಿರಿನ್ ಶುರು ಮಾಡಬಹುದು. ಅದಕ್ಕೆ ತಗಲುವುದು ಪುಡಿಗಾಸು.

ತವರಿನ ವಿಷಯವನ್ನು ನಮ್ಮ ಕಡೆಯವರಲ್ಲದವರು ಮರೆಯುತ್ತಾರೆ. ಚೊಚ್ಚಲ ಬಸುರಿನಲ್ಲಿ ಗರ್ಭನಂಜಿನ ಅಪಾಯ ಹೆಚ್ಚು. ಚೊಚ್ಚಲ ಬಸುರಿ ಸೀಮಂತ ಮುಗಿಸಿ ತವರಿಗೆ ಹೋಗುವುದು ಏಳನೇ ತಿಂಗಳಿಗೆ, ಕಾಯಿಲೆ ತಲೆಯೆತ್ತುವ ಕಾಲಕ್ಕೆ ಸರಿಯಾಗಿ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳು ‘ತವರಿಗೆ ಹೋಗಿದ್ದಾಳೆ’, ತವರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ. ಮೊದಲ ತಿಂಗಳುಗಳ ಒತ್ತಡ ಎಷ್ಟಿತ್ತು ಎಂದು ತಿಳಿಯದೆ ಈಗಿನ 136/88 ಅವಳಿಗೆ ಹೆಚ್ಚೋ ಮಾಮೂಲೋ ಹೇಳುವುದು ಹೇಗೆ? 96/60 ಇದ್ದವಳಿಗೆ ಅದು ಬಹಳ ದೊಡ್ಡ ಏರಿಕೆ. ಬಸುರಿ ಊರು ಬದಲಿಸಿದ ದಿನವೇ ಅವಳ ದಾಖಲೆ ಆ ಊರಿನ ಉಪಕೇಂದ್ರಕ್ಕೆ ಹೋಗುವಂತೆ ಮಾಡಲು ಇಲಾಖೆಯ ಒಂದು ಆದೇಶ ಸಾಕು. ಹೆರಿಗೆಯಾದ ಮೇಲೂ ಅಷ್ಟೇ. ಒತ್ತಡ ಅತಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರು ದಿನಗಳ ನಡುವೆ, ಬಾಣಂತಿ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮಲಗಿರುವಾಗ. ತಲೆನೋವು ಎಂದರೆ ಶೀತವಾಯಿತೆಂದು ತಲೆಗೆ ಬಟ್ಟೆ ಕಟ್ಟುತ್ತಾರೆ. ಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮಗುವಿನ ತೂಕದ ತಕ್ಕಡಿಯ ಜೊತೆಗೆ ತಾಯಿಗಾಗಿ ಒಂದು ಒತ್ತಡಮಾಪಕವೂ ಇರಲಿ.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಮೊದಲು ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದು ವರ್ಷ ಈ ಪರೀಕ್ಷೆಯನ್ನು ನಡೆಸಿ ನೋಡಿ. ಮೆಗ್ಗಾನ್ ಆಸ್ಪತ್ರೆಯ ಪ್ರಸೂತಿ ವಿಭಾಗ ಅದರ ಹೊಣೆ ಹೊರಲಿ. ಯಾರಿಗೆ ಪರೀಕ್ಷೆ, ಎಷ್ಟು ಬಂದರೆ ಮನೆಯಲ್ಲಿಡಬಹುದು, ಎಷ್ಟು ಬಂದರೆ ಅದೇ ದಿನ ಕರೆಸಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಪ್ರತಿ ಉಪಕೇಂದ್ರದ ಗೋಡೆಗೆ ಅಂಟಿಸಲಿ. ಫಲಿತಾಂಶ ಮರುದಿನದೊಳಗೆ ಫೋನಿನಲ್ಲಿ ತಲುಪಲಿ. ಚೆನ್ನಾಗಿ ಬಂದ ಫಲಿತಾಂಶದ ಬಲದ ಮೇಲೆ ಯಾರೂ ಒತ್ತಡ ಅಳೆಯುವುದನ್ನು ನಿಲ್ಲಿಸಬಾರದು, ಒಂದು ವಾರ ಕಳೆದರೆ ಆ ಭರವಸೆಯ ಅವಧಿ ಮುಗಿಯಿತು ಎಂಬುದನ್ನೂ ಅದೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಒತ್ತಡಮಾಪಕ, ಅವಧಿ ಮೀರದ ಮೂತ್ರದ ಪಟ್ಟಿ, ಮೆಗ್ನೀಷಿಯಂ ಸಲ್ಫೇಟ್ ಇವೆಯೇ ಎಂದು ಮಳೆಗಾಲಕ್ಕೆ ಮುಂಚೆ ತಪಾಸಣೆಯಾಗಲಿ. ವರ್ಷದ ಕೊನೆಗೆ ಲೆಕ್ಕ ಹೊರಬರಲಿ: ಎಷ್ಟು ಬಸುರಿಯರು ಸಕಾಲಕ್ಕೆ ಬಂದರು, ಎಷ್ಟು ಮಂದಿ ನೆಮ್ಮದಿಯಿಂದ ಮನೆಯಲ್ಲಿದ್ದರು, ಯಾರ ವಿಷಯದಲ್ಲಿ ಪರೀಕ್ಷೆ ದಾರಿ ತಪ್ಪಿಸಿತು. ಉಪಯೋಗವಿಲ್ಲ ಎಂದು ಲೆಕ್ಕ ಹೇಳಿದರೆ ನಿಲ್ಲಿಸಿ, ನಾನು ಆಕ್ಷೇಪಿಸುವುದಿಲ್ಲ. ನೋಡದೆಯೇ ಬೇಡ ಎಂದರೆ ಮಾತ್ರ ಸುಮ್ಮನಿರಲಾರೆ.

ಹೊಸ ಆರೋಗ್ಯ ಸಹಾಯಕಿಯರಿಗೆ ಒತ್ತಡ ಅಳೆಯುವುದನ್ನು, ಮೂತ್ರದ ಪಟ್ಟಿ ಓದುವುದನ್ನು, ಬಸುರಿಯ ಮನೆಯವರಿಗೆ ಹೆದರಿಸದೆ ವಿಷಯ ತಿಳಿಸುವುದನ್ನು ಕಲಿಸುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಸಂಬಳ ಬೇಡ. ನನ್ನ ಹಾಗೆ ನಿವೃತ್ತರಾದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ. ಈ ಪತ್ರದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ನಮ್ಮ ಭಾಗದ ಶಾಸಕರಿಗೂ ಕಳಿಸಿದ್ದೇನೆ. ತಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ